ಜಿಪಿ 5000ವಾ, ಕೋರ್ಸಾವಾ, ಪಿ ಝೀರೋವಾ? ಕಾಸರಗೋಡಿನ ರಸ್ತೆಗೆ ಟಯರ್ ಆರಿಸುವ ಲೆಕ್ಕ

ಅಳಿಯ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹೊಸ ರೋಡ್ ಬೈಕ್, ಅಂದರೆ ಟಾರು ರಸ್ತೆಯಲ್ಲಿ ವೇಗವಾಗಿ ಓಡುವ ಸಪೂರ ಟಯರಿನ ಸೈಕಲ್, ತೆಗೆದುಕೊಂಡ. ಶನಿವಾರ ಊರಿಗೆ ಬಂದರೆ ಭಾನುವಾರ ಬೆಳಿಗ್ಗೆ ನೀರ್ಚಾಲಿನಿಂದ ನನ್ನ ಜೊತೆ ಹೊರಡುತ್ತಾನೆ. ಸೈಕಲ್ ಜೊತೆ ಬಂದ ಟಯರ್ ಸವೆದು ಚಪ್ಪಟೆಯಾಗಿದೆ. ಮೊನ್ನೆ ನಾಲ್ಕು ಹೆಸರು ಬರೆದು ಕಳಿಸಿದ. ಕಾಂಟಿನೆಂಟಲ್ ಜಿಪಿ 5000, ವಿಟ್ಟೋರಿಯಾ ಕೋರ್ಸಾ, ಪಿರೆಲ್ಲಿ ಪಿ ಝೀರೋ ರೇಸ್, ಶ್ವಾಲ್ಬೆ ಪ್ರೊ ಒನ್. ಹಿಂದೆಯೇ ಫೋನು.

"ಮಾವ, ನಾಲ್ಕೂ ಒಂದೇ ನಮೂನೆ ಕಾಣ್ತದೆ. ರೇಟೂ ಹೆಚ್ಚುಕಮ್ಮಿ ಒಂದೇ. ಯಾವುದು ಹಾಕುದು?"

"ನಿನ್ನ ರಿಮ್ಮು ಎಂತದು?" ಅಂತ ಕೇಳಿದೆ.

"ಕಪ್ಪು."

ನಗು ಬಂತು. ಆದರೆ ಟಯರ್‌ಗೆ ಐದರಿಂದ ಎಂಟು ಸಾವಿರ ಕೊಡಲು ತಯಾರಾದವರಲ್ಲಿ ಅರ್ಧ ಜನ ಇದೇ ಉತ್ತರ ಕೊಡುತ್ತಾರೆ. ಹಾಗಾಗಿ ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕೂ ಒಳ್ಳೆಯ ಟಯರ್. ಯಾವುದನ್ನು ಹಾಕಿದರೂ ಓಡುತ್ತದೆ. ಆದರೆ ಇವುಗಳನ್ನು ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಲ್ಲ. ಜುಲೈ–ಆಗಸ್ಟಿನ ಆಟಿ ತಿಂಗಳ ಮಳೆಯಂತೂ ಅಲ್ಲವೇ ಅಲ್ಲ. ಯಾವುದು ಎಷ್ಟು ವೇಗ ಅಂತ ಕೇಳುವುದಕ್ಕಿಂತ, ವರ್ಷದಲ್ಲಿ ಎಷ್ಟು ತಿಂಗಳು ಅದನ್ನು ಧೈರ್ಯವಾಗಿ ಓಡಿಸಬಹುದು ಅಂತ ಕೇಳಿದರೆ ನಮಗೆ ಬೇಗ ಉತ್ತರ ಸಿಗುತ್ತದೆ.

ರಿಮ್ಮು ನೋಡಿ, ಆಮೇಲೆ ಹೆಸರು

ಟಯರ್ ಕಳಚಿ. ರಿಮ್ಮಿನ ಒಳ ಅಂಚನ್ನು ಬೆರಳಿನಲ್ಲಿ ಸವರಿ. ಒಳಕ್ಕೆ ಬಾಗಿದ ಸಣ್ಣ ತುಟಿ ಸಿಕ್ಕಿದರೆ ಅದು ಕೊಕ್ಕೆ ಇರುವ ರಿಮ್ಮು. ಗೋಡೆ ನೇರವಾಗಿ ಎದ್ದು ನಿಂತಿದ್ದರೆ ಅದು ಹುಕ್‌ಲೆಸ್. ಈಗಿನ ಕಾರ್ಬನ್ ಚಕ್ರಗಳಲ್ಲಿ ಎರಡೂ ಬರುತ್ತವೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ.

ಹುಕ್‌ಲೆಸ್ ಆದರೆ ಎರಡು ಮಾತು ಕಡ್ಡಾಯ. ಟ್ಯೂಬ್‌ಲೆಸ್ ಟಯರ್ ಮಾತ್ರ ಹಾಕಬೇಕು. ಒಳಗೆ ಟ್ಯೂಬ್ ಹಾಕುವವರಿಗೂ ಈ ಮಾತು ಅನ್ವಯ. ಎರಡನೆಯದು, ಗಾಳಿ 5 ಬಾರ್ ಮೀರಬಾರದು, ಅಂದರೆ 72.5 ಪಿಎಸ್‌ಐ. ಹಿಡಿಯಲು ಕೊಕ್ಕೆ ಇಲ್ಲ. ಟಯರಿನ ಅಂಚಿನ ಬಿಗಿಯೇ ಎಲ್ಲ. ಅದು ಸ್ವಲ್ಪ ಹಿಗ್ಗಿದರೂ ಟಯರ್ ಹಾರಿ ಹೋಗಬಹುದು. ಇಳಿಜಾರಿನಲ್ಲಿ ಹಾಗಾದರೆ ಕಥೆ ಮುಗಿಯಿತು. ಜಿಪಿ 5000ದಲ್ಲಿ ಬರೀ "ಜಿಪಿ 5000" ಅಂತ ಬರುವುದು ಟ್ಯೂಬಿನದ್ದು. ಅದನ್ನು ಹುಕ್‌ಲೆಸ್‌ಗೆ ಹಾಕುವ ಹಾಗಿಲ್ಲ. "ಎಸ್ ಟಿಆರ್" ಅಂತ ಬಾಲ ಇರುವುದು ಟ್ಯೂಬ್‌ಲೆಸ್. ಅದು ಆಗುತ್ತದೆ. ಹೆಸರು ಅರ್ಧ ಓದಿ ಆರ್ಡರ್ ಮಾಡಿದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಅಳತೆ ರಿಮ್ಮಿನ ಒಳ ಅಗಲ. 17, 19, 21, 23, 25 ಹೀಗೆ ಮಿಲಿಮೀಟರ್‌ನಲ್ಲಿ ರಿಮ್ಮಿನ ಮೇಲೆಯೇ ಬರೆದಿರುತ್ತದೆ, ಇಲ್ಲವಾದರೆ ಕಂಪೆನಿಯ ಪುಟದಲ್ಲಿ ಇರುತ್ತದೆ. ಒಳ ಅಗಲ 1 ಮಿ.ಮೀ. ಜಾಸ್ತಿಯಾದರೆ ಟಯರ್ ಸುಮಾರು 0.4 ಮಿ.ಮೀ. ಅಗಲವಾಗಿ ಕೂರುತ್ತದೆ. ಅಂದರೆ 28 ಅಂತ ಬರೆದ ಟಯರ್ ಅಗಲ ರಿಮ್ಮಿನಲ್ಲಿ 29 ದಾಟಬಹುದು. ಹಳೆಯ ಫ್ರೇಮಿನಲ್ಲಿ, ಅದರಲ್ಲೂ ರಿಮ್ ಬ್ರೇಕ್ ಇದ್ದರೆ, ಇಷ್ಟೇ ಅಂತರ ಸಾಕು ಟಯರ್ ಉಜ್ಜಲು. ಒಣ ದಿನ ಉಜ್ಜದಿದ್ದರೂ ಮಳೆಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಾಗ ಬ್ರೇಕಿನ ಅಡಿಯಲ್ಲಿ ಕರಕರ ಸದ್ದು ಶುರುವಾಗುತ್ತದೆ. ಪೈಂಟ್ ಹೋಗುವುದು ಹಾಗೆಯೇ.

ಅಳಿಯನ ರಿಮ್ಮಿನಲ್ಲಿ ಕೊಕ್ಕೆ ಇತ್ತು. ಒಳ ಅಗಲ 21. ಡಿಸ್ಕ್ ಬ್ರೇಕ್. ಹಾಗಾಗಿ ಅವನಿಗೆ ಎಲ್ಲ ಬಾಗಿಲೂ ತೆರೆದಿತ್ತು. ಮಂಡೆಬಿಸಿ ಶುರುವಾಗುವುದೂ ಅಲ್ಲಿಂದಲೇ.

ವ್ಯಾಟಿನ ಲೆಕ್ಕ ಎಷ್ಟು ಸಣ್ಣದು

ಟಯರ್ ಹೋಲಿಸುವವರು ಮೊದಲು ಹಿಡಿಯುವುದು ಉರುಳುವಾಗ ತಿನ್ನುವ ಶಕ್ತಿಯನ್ನು. ಟಯರ್ ನೆಲ ಮುಟ್ಟಿದಲ್ಲಿ ಅಮುಕುತ್ತದೆ, ಮತ್ತೆ ಉಬ್ಬುತ್ತದೆ. ಅಮುಕಲು ಕೊಟ್ಟಷ್ಟು ಶಕ್ತಿ ಉಬ್ಬುವಾಗ ವಾಪಸ್ ಬರುವುದಿಲ್ಲ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ತೆಳುವಾದ, ಮೆತ್ತಗಿನ ಬಟ್ಟೆ ಮತ್ತು ಚುರುಕಾದ ರಬ್ಬರ್ ಇದ್ದರೆ ನಷ್ಟ ಕಡಿಮೆ. ಈ ಮೇಲ್ದರ್ಜೆಯ ಟಯರುಗಳಲ್ಲಿ ಒಂದೊಂದು ಟಯರ್ ತಿನ್ನುವುದು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತು ವ್ಯಾಟ್ ಆಸುಪಾಸು. ನಾಲ್ಕರ ನಡುವಿನ ವ್ಯತ್ಯಾಸ ಒಂದೆರಡು ವ್ಯಾಟ್. ಸಾಧಾರಣ ಬ್ಯುಟೈಲ್ ಟ್ಯೂಬ್ ತೆಗೆದು ಲೇಟೆಕ್ಸ್ ಟ್ಯೂಬ್ ಹಾಕಿದರೂ ಹೆಚ್ಚುಕಡಿಮೆ ಇಷ್ಟೇ ಲಾಭ. ಗಾಳಿ ಹತ್ತು ಪಿಎಸ್‌ಐ ಆಚೀಚೆ ಆದರೆ ಈ ಲಾಭ ನಷ್ಟವೆಲ್ಲ ತಲೆಕೆಳಗು.

ತೂಕವನ್ನೂ ಹೀಗೆಯೇ ನೋಡಿ. ಎರಡು ಟಯರ್ ನಡುವೆ 50 ಗ್ರಾಂ ವ್ಯತ್ಯಾಸ ಅಂದುಕೊಳ್ಳಿ. ಸವಾರ, ಸೈಕಲ್ ಸೇರಿ 80 ಕಿಲೋ. ಪಾಣತ್ತೂರು ದಾಟಿ ಭಾಗಮಂಡಲದ ಕಡೆ ಏರುತ್ತೀರಿ, ಒಂದು ಗಂಟೆಯ ಏರು. ಲೆಕ್ಕ ಹಾಕಿದರೆ 50 ಗ್ರಾಂನಿಂದ ಉಳಿಯುವುದು ಎರಡು ಸೆಕೆಂಡು ಮತ್ತು ಚಿಲ್ಲರೆ. ದಾರಿಯಲ್ಲಿ ಒಂದು ಚಾ ಕುಡಿದರೆ ಹೋಯ್ತಲ್ಲ.

ಟಿಪಿಐ ಅಂತ ಇನ್ನೊಂದು ಸಂಖ್ಯೆ ಉಂಟು. ಒಂದು ಇಂಚಿನಲ್ಲಿ ಎಷ್ಟು ನೂಲು ಅಂತ. ಜಾಸ್ತಿ ಇದ್ದರೆ ಬಟ್ಟೆ ನಯ, ಟಯರ್ ಮೆತ್ತಗೆ ಅನ್ನುವುದು ವಾಡಿಕೆಯ ಮಾತು. ಆದರೆ ಎಲ್ಲರೂ ಒಂದೇ ರೀತಿ ಎಣಿಸುವುದಿಲ್ಲ. ಟ್ಯೂಬಿನ ಜಿಪಿ 5000 ಮೇಲೆ 330 ಅಂತ ಬರೆದಿರುತ್ತದೆ. ಅದು 110ರ ಮೂರು ಪದರ. ಎಸ್ ಟಿಆರ್ ಮೇಲೆ 220, ಎರಡು ಪದರ. ಸಂಖ್ಯೆ ಕಡಿಮೆಯಿರುವ ಎಸ್ ಟಿಆರ್ ಓಟದಲ್ಲಿ ಹಿಂದೆ ಬಿದ್ದದ್ದಲ್ಲ, ಮುಂದಿದೆ. ಕೋರ್ಸಾ ಪ್ರೊದ 320 ಹತ್ತಿ ನೂಲಿನ ಲೆಕ್ಕ. ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದರೆ ಮೋಸ ಹೋಗುತ್ತೇವೆ. ಪೆಟ್ಟಿಗೆಯ ಮೇಲಿನ ಈ ಸಂಖ್ಯೆಯನ್ನು ನಾನು ಓದುವುದೇ ಬಿಟ್ಟಿದ್ದೇನೆ.

ಜಿಪಿ 5000 ಮನೆತನ

2018ರ ಕೊನೆಗೆ ಬಂದ ಟಯರ್ ಇದು. ಅದಕ್ಕೂ ಮೊದಲು ಜಿಪಿ 4000 ಎಸ್ 2 ಇತ್ತು. ಆ ಕಾಲದಲ್ಲಿ ಸೈಕಲ್ ಬಲ್ಲವರ ಮನೆಗೆ ಹೋದರೆ ಗೋಡೆಗೆ ಒರಗಿಸಿದ ಸೈಕಲಿನಲ್ಲಿ ಅದೇ ಟಯರ್ ಕಾಣುತ್ತಿತ್ತು. ಜರ್ಮನಿಯ ಕೊರ್ಬಾಖ್ ಎಂಬ ಊರಿನ ಕಾರ್ಖಾನೆಯಲ್ಲಿ ಮಾಡುತ್ತಾರೆ. ಬ್ಲ್ಯಾಕ್ ಚಿಲ್ಲಿ ಅಂತ ರಬ್ಬರಿಗೆ ಹೆಸರು. ತುಳಿಯುವ ಭಾಗದ ಅಡಿಯಲ್ಲಿ ವೆಕ್ಟ್ರಾನ್ ಎಂಬ ಗಟ್ಟಿ ನೂಲಿನ ಪಟ್ಟಿ ಇದೆ. ಸಣ್ಣ ಗಾಜಿನ ಚೂರು ಟ್ಯೂಬಿನವರೆಗೆ ಹೋಗದಂತೆ ತಡೆಯುವುದು ಇದು. ಸವೆತ ನೋಡಲು ರಬ್ಬರಿನಲ್ಲಿ ಎರಡು ಸಣ್ಣ ಕುಳಿ ಕೊಟ್ಟಿದ್ದಾರೆ. ಕುಳಿ ಮಾಯವಾದರೆ ಟಯರ್ ಮುಗಿಯಿತು ಅಂತ. ನೋಡಲು ಸಣ್ಣ ವಿಷಯ. ಆದರೆ "ಇನ್ನೊಂದು ತಿಂಗಳು ಓಡ್ಲಿಕ್ಕಿಲ್ವಾ?" ಅಂತ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದನ್ನು ಇದು ನಿಲ್ಲಿಸುತ್ತದೆ.

ಈ ಮನೆತನದಲ್ಲಿ ನಮಗೆ ಬೇಕಾದವರು ಮೂವರು. ಟ್ಯೂಬಿನ ಜಿಪಿ 5000. ಟ್ಯೂಬ್‌ಲೆಸ್‌ನ ಎಸ್ ಟಿಆರ್, 2021ರಲ್ಲಿ ಬಂದದ್ದು. ಮತ್ತೆ 2023ರಲ್ಲಿ ಬಂದ ಎಎಸ್ ಟಿಆರ್. ಎಎಸ್ ಅಂದರೆ ಎಲ್ಲ ಕಾಲಕ್ಕೂ ಅಂತ. ತೂಕ ಜಾಸ್ತಿ, ಓಟ ಒಂದು ಹದ ಕಡಿಮೆ. ಆದರೆ ಒದ್ದೆ ರಸ್ತೆಯ ಹಿಡಿತಕ್ಕೂ ಬಾಳಿಕೆಗೂ ಅಂತಲೇ ಮಾಡಿದ್ದು. ಬದಿಯಲ್ಲಿ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರುವ ಮಾದರಿಯೂ ಸಿಗುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಆರಕ್ಕೂ ಕತ್ತಲೆ ಇರುವ ನಮ್ಮ ರಸ್ತೆಗಳಲ್ಲಿ, ತಿರುವಿನಲ್ಲಿ ಬರುವ ಪಿಕಪ್‌ನವನಿಗೆ ನಾವು ಕಾಣಬೇಕಲ್ಲ, ಆಗ ಇದು ಬರೀ ಶೃಂಗಾರ ಅನಿಸುವುದಿಲ್ಲ.

ಎಸ್ ಟಿಆರ್ ಕೆಲವು ರಿಮ್ಮಿಗೆ ಬಹಳ ಬಿಗಿ. ಹೆಬ್ಬೆರಳಿನ ಚರ್ಮ ಹೋಗುವಷ್ಟು. ಮನೆಯಲ್ಲಿ ಹಾಕುವಾಗ ಸೋಪು ನೀರು ಹಚ್ಚಿ ಹೇಗೋ ಕೂರಿಸುತ್ತೀರಿ. ಆದೂರಿನ ಹತ್ತಿರ ಮಳೆಯಲ್ಲಿ ರಸ್ತೆ ಬದಿ ನಿಂತು ಅದನ್ನೇ ಕಳಚುವುದನ್ನು ಒಮ್ಮೆ ಯೋಚಿಸಿ ನೋಡಿ. ಹಾಗಾಗಿ ಕೊಂಡ ಮೇಲೆ ಮನೆಯಲ್ಲೇ ಎರಡು ಸಲ ಹಾಕಿ ಕಳಚಿ ಅಭ್ಯಾಸ ಮಾಡಿ. ಒಂದೆರಡು ಸಲ ಕಳಚಿದ ಮೇಲೆ ಸ್ವಲ್ಪ ಸಡಿಲವೂ ಆಗುತ್ತದೆ.

ಕೋರ್ಸಾ: ಒಂದೇ ಹೆಸರು, ಎರಡು ಸ್ವಭಾವ

ಅಳಿಯ ಬರೀ "ಕೋರ್ಸಾ" ಅಂತ ಬರೆದಿದ್ದ. ಇಲ್ಲೇ ಜನ ಎಡವುವುದು. ವಿಟ್ಟೋರಿಯಾ ಇಟಲಿಯ ಹೆಸರು, ಟಯರ್ ತಯಾರಾಗುವುದು ಥಾಯ್ಲೆಂಡಿನಲ್ಲಿ. ಕೋರ್ಸಾ ಪ್ರೊ 2023ರದ್ದು. ಒಳಗಿನ ಬಟ್ಟೆ ಹತ್ತಿಯದು. ಕೋರ್ಸಾ ನೆಕ್ಸ್ಟ್ 2022ರದ್ದು. ಅದರ ಬಟ್ಟೆ ನೈಲಾನ್. ಎರಡರ ರಬ್ಬರಿನಲ್ಲೂ ಇಂಗಾಲದ ಒಂದು ರೂಪವಾದ ಗ್ರಾಫೀನ್ ಬೆರೆಸುತ್ತಾರೆ.

ಹತ್ತಿ ಬಟ್ಟೆಯ ಟಯರ್ ಓಡಿಸಿದವರಿಗೆ ಅದರ ಹುಚ್ಚು ಬಿಡುವುದಿಲ್ಲ. ರಸ್ತೆಯ ಸಣ್ಣ ಒರಟೆಲ್ಲ ಟಯರಿನ ಒಳಗೇ ಕರಗಿ ಹೋದ ಹಾಗೆ. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಬೇಕಲದ ಕಡೆ ಹೋಗುವ ರಾಜ್ಯ ಹೆದ್ದಾರಿಯಲ್ಲಿ, ಡಿಸೆಂಬರದ ಬೆಳಿಗ್ಗೆ, ಗೆಳೆಯರೊಬ್ಬರ ಸೈಕಲಿನಲ್ಲಿ ಹತ್ತು ಕಿ.ಮೀ. ಓಡಿಸಿ ನೋಡಿದೆ. ಸದ್ದೇ ಬೇರೆ. ಸರ್ ಅಂತ ಒಂದೇ ಸ್ವರ. ವಾಪಸ್ ಕೊಡಲು ಮನಸ್ಸು ಬರಲಿಲ್ಲ.

ಆದರೆ ಹತ್ತಿ ಹತ್ತಿಯೇ. ಆಟಿಯಲ್ಲಿ ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂತ ಗೊತ್ತುಂಟಲ್ಲ. ಚರ್ಮದ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಕಪಾಟಿನಲ್ಲಿಟ್ಟ ಪಂಚೆಗೂ ವಾಸನೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಟಯರಿನ ಬದಿಯಲ್ಲಿ ರಬ್ಬರ್ ತೆಳು. ಅಲ್ಲಿ ಗೀರು ಬಿದ್ದರೆ ನೂಲಿಗೆ ನೀರು ಹೋಗುತ್ತದೆ, ಒಣಗಲು ಬಿಸಿಲು ಇಲ್ಲ, ನೂಲು ಕೊಳೆಯುತ್ತದೆ. ಕೋರ್ಸಾ ಪ್ರೊ ಬೇಕೇ ಬೇಕು ಅನ್ನುವವರು ದೀಪಾವಳಿ ಕಳೆದ ಮೇಲೆ ಹಾಕಿ, ಮೇ ಕೊನೆಗೆ ಬರುವ ಪತ್ತನಾಜೆಗೆ ಕಳಚಿ, ಒರೆಸಿ, ಕತ್ತಲೆಯಲ್ಲಿ ಒಣಜಾಗದಲ್ಲಿ ಇಡಿ. ಎರಡು ಜೊತೆ ಟಯರ್ ಇಡುವ ಶಕ್ತಿ ಇದ್ದವರ ಮಾತು ಇದು.

ನೆಕ್ಸ್ಟ್ ಹಾಗಲ್ಲ. ನೈಲಾನಿಗೆ ಮಳೆಯ ಹೆದರಿಕೆ ಇಲ್ಲ. ಹತ್ತಿಯ ಮೆತ್ತಗೆ ಪೂರ್ತಿ ಇಲ್ಲದಿದ್ದರೂ ಬಾಳಿಕೆ ಉಂಟು. ಟ್ಯೂಬಿಗೂ ಟ್ಯೂಬ್‌ಲೆಸ್‌ಗೂ ಬೇರೆ ಬೇರೆ ಮಾದರಿ ಸಿಗುತ್ತದೆ. ಜಿಪಿ 5000ಕ್ಕೆ ನಿಜವಾದ ಎದುರಾಳಿ ಇದೇ, ಪ್ರೊ ಅಲ್ಲ. ಇಬ್ಬರ ನಡುವೆ ನಾಣ್ಯ ಚಿಮ್ಮಿದರೂ ಅಡ್ಡಿಲ್ಲ. ಯಾವುದು ಕಡಿಮೆ ಬೆಲೆಗೆ ಸಿಗುತ್ತದೋ, ಯಾವುದರ 28 ಅಥವಾ 30 ಅಳತೆ ಸ್ಟಾಕ್ ಉಂಟೋ ಅದನ್ನು ತೆಗೆಯಿರಿ.

ಉಳಿದವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪಿರೆಲ್ಲಿ 2011ರಿಂದ ಫಾರ್ಮುಲಾ ಒನ್‌ಗೆ ಟಯರ್ ಕೊಡುವ ಕಂಪೆನಿ. ರೋಡ್ ಬೈಕಿನ ಪಿ ಝೀರೋ ಬಂದದ್ದು 2017ರಲ್ಲಿ. ಈಗ ಮಿಲಾನ್ ಹತ್ತಿರದ ಬೊಲ್ಲಾತೆಯಲ್ಲೇ ಮಾಡುತ್ತಾರೆ. ಪಿ ಝೀರೋ ರೇಸ್ ಟಿಎಲ್‌ಆರ್ (ಟ್ಯೂಬ್‌ಲೆಸ್ ಮಾದರಿ) ತಿರುವಿನಲ್ಲಿ ನಂಬಿಕೆ ಕೊಡುವ ಟಯರ್, ಒದ್ದೆಯಲ್ಲೂ. ಇಳಿಜಾರು ಅಂದರೆ ಕೈಕಾಲು ನಡುಗುವವರಿಗೆ ನಾನು ಇದನ್ನೇ ಹೇಳುವುದು. ಶ್ವಾಲ್ಬೆ ಪ್ರೊ ಒನ್ ಹಗುರ, ಮೆತ್ತಗೆ. ಹಗುರ ಅಂದರೆ ಎಲ್ಲೋ ಒಂದು ಕಡೆ ರಬ್ಬರ್ ಕಡಿಮೆ ಅಂತಲೂ ಅರ್ಥ. ಪಟ್ಟಿಯಲ್ಲಿ ಇಲ್ಲದ ಮಿಶೆಲಿನ್ ಪವರ್ ಕಪ್ ಕೂಡ ಇದೇ ಸಾಲಿನದು. ಕಳಚಿ ಹಾಕಬಹುದಾದ ಗಾಳಿ ಟಯರನ್ನು ಸೈಕಲಿಗೆ ಕೊಟ್ಟ ಕಂಪೆನಿ ಅದು. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟ ಗೆದ್ದ ಶಾರ್ಲ್ ತೆರೋಂ ಓಡಿಸಿದ್ದು ಮಿಶೆಲಿನ್ ಟಯರ್. ಹಳೆಯ ಮನೆತನ ಅಂತ ಈಗ ಕೊಳ್ಳಬೇಕಾಗಿಲ್ಲ, ಸುಮ್ನೆ ಹೇಳಿದೆ.

ನಮ್ಮ ರಸ್ತೆ ಟಯರನ್ನು ಹೇಗೆ ಕೊಲ್ಲುತ್ತದೆ

ನಮ್ಮ ಕೆಂಪು ಮುರಕಲ್ಲು ಕಂಡು ಹೆದರುವವರು ಜಾಸ್ತಿ. ಅದು ಪಾಪದ ಕಲ್ಲು. ಉರುಟು, ಮೆತ್ತಗೆ, ಟಯರಿನ ಅಡಿ ಪುಡಿಯಾಗುತ್ತದೆ. ಕೊಯ್ಯುವುದು ಜಲ್ಲಿ. ಟಿಪ್ಪರ್‌ನಿಂದ ಚೆಲ್ಲಿದ ಕರಿಕಲ್ಲಿನ ಚೂರಿಗೆ ಚೂರಿಯ ಅಂಚು. ಇನ್ನೊಂದು ಶತ್ರು ಕಣ್ಣಿಗೆ ಕಾಣುವುದಿಲ್ಲ. ಲಾರಿ ಟಯರ್ ಸಿಡಿದಾಗ ಅದರ ಒಳಗಿನ ಉಕ್ಕಿನ ತಂತಿ ಕೂದಲಿನಷ್ಟು ಸಪೂರ ಚೂರಾಗಿ ರಸ್ತೆ ಬದಿ ಸೇರುತ್ತದೆ. ಹೆದ್ದಾರಿ ಆರು ಲೇನ್ ಆದ ಮೇಲೆ ನಾನು ಸರ್ವಿಸ್ ರಸ್ತೆಯಲ್ಲೇ ಓಡಿಸುವುದು. ದೊಡ್ಡ ರಸ್ತೆಯ ಕಸವೆಲ್ಲ ಬಂದು ಸೇರುವುದೂ ಅಲ್ಲಿಗೇ. ಈ ತಂತಿಗೆ ವೆಕ್ಟ್ರಾನೂ ಇಲ್ಲ, ಗ್ರಾಫೀನೂ ಇಲ್ಲ. ಸೀದಾ ಒಳಗೆ ಹೋಗುತ್ತದೆ.

ಮಳೆಯಲ್ಲಿ ಪಂಕ್ಚರ್ ಜಾಸ್ತಿ ಅನ್ನುವುದು ಬರೀ ಅನಿಸಿಕೆಯಲ್ಲ. ನೀರು ಎಣ್ಣೆಯ ಕೆಲಸ ಮಾಡುತ್ತದೆ. ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಕೊಯ್ಯುತ್ತದೆ. ಬದಿಯ ಜಲ್ಲಿಯನ್ನು ರಸ್ತೆ ನಡುವಿಗೆ ತಂದು ಹಾಕುವುದೂ ಮಳೆಯೇ.

ಒಮ್ಮೆ ಜುಲೈಯಲ್ಲಿ ಮುಳ್ಳೇರಿಯದ ಆಚೆ ನನ್ನ ಹಿಂದಿನ ಟಯರ್ ಬದಿಯಲ್ಲಿ ಕೊಯ್ದು ಹೋಯಿತು. ಹೆಬ್ಬೆರಳಿನ ಅಗಲ. ಟಯರಿನ ಹೆಸರು ಇಲ್ಲಿ ಬೇಡ, ತಪ್ಪು ಕಲ್ಲಿನದು. ಹೊಸ ಟ್ಯೂಬ್ ಹಾಕಿದರೆ ಸೀಳಿನಿಂದ ಗುಳ್ಳೆಯ ಹಾಗೆ ಹೊರಗೆ ಬರುತ್ತದೆ. ಒಳಗಿಂದ ಒತ್ತು ಕೊಡಲು ಏನೂ ಇಲ್ಲ. ಪಕ್ಕದ ತೋಟದಲ್ಲಿ ಬಿದ್ದಿದ್ದ ಅಡಕೆ ಹಾಳೆ ಕಣ್ಣಿಗೆ ಬಿತ್ತು. ಮಳೆಗೆ ನೆನೆದು ಮೆತ್ತಗಾಗಿತ್ತು. ಒಂದು ತುಂಡು ಹರಿದು, ಎರಡು ಮಡಿಕೆ ಮಾಡಿ, ಟಯರ್ ಮತ್ತು ಟ್ಯೂಬಿನ ನಡುವೆ ಇಟ್ಟೆ. ಗಾಳಿ ಕಡಿಮೆ ಹಾಕಿ, ಮುಂದಕ್ಕೆ ಭಾರ ಕೊಟ್ಟು ಕೂತು, ಮೆಲ್ಲ ಮನೆ ಮುಟ್ಟಿದೆ. ಅಂದಿನಿಂದ ಸೀಟಿನ ಅಡಿಯ ಚೀಲದಲ್ಲಿ ಹಳೆ ಟಯರಿನ ಒಂದು ತುಂಡು ಇಡುತ್ತೇನೆ. ಹಾಳೆ ಎಲ್ಲ ಕಡೆ ಸಿಗಬೇಕಲ್ಲ.

ಇನ್ನು ಹಿಡಿತ. ಟಯರಿನ ಮೇಲಿನ ಗೆರೆ ನೋಡಿ "ಇದು ಮಳೆಗೆ ಒಳ್ಳೆಯದು" ಅನ್ನುವವರಿದ್ದಾರೆ. ಕಾರಿಗೆ ಅದು ನಿಜ. ಕಾರಿನ ಅಗಲ ಟಯರ್ ವೇಗದಲ್ಲಿ ನೀರಿನ ಮೇಲೆ ತೇಲುತ್ತದೆ, ನೀರು ಹೋಗಲು ದಾರಿ ಬೇಕು. ಸೈಕಲ್ ಟಯರ್ ಸಪೂರ, ಗಾಳಿಯ ಒತ್ತಡ ಜಾಸ್ತಿ, ನಮ್ಮ ವೇಗಕ್ಕೆ ತೇಲುವುದೇ ಇಲ್ಲ. ಹಿಡಿತ ಕೊಡುವುದು ರಬ್ಬರಿನ ಗುಣ ಮತ್ತು ಸರಿಯಾದ ಗಾಳಿ. ಆದರೆ ಒಂದು ವಿಷಯಕ್ಕೆ ಯಾವ ಟಯರೂ ಔಷಧ ಅಲ್ಲ. ಮರದ ನೆರಳಿನ ಕಾಂಕ್ರೀಟ್ ರಸ್ತೆಯ ಪಾಚಿ. ಪಂಚಾಯತ್ ರಸ್ತೆಗಳಲ್ಲಿ ಆಗಸ್ಟ್ ಹೊತ್ತಿಗೆ ಹಸಿರು ಲೇಪ ಬರುತ್ತದೆ ನೋಡಿ, ಅಲ್ಲಿ ಎಂಟು ಸಾವಿರದ ಟಯರೂ ಎಂಟುನೂರರದ್ದೂ ಒಂದೇ ರೀತಿ ಜಾರುತ್ತವೆ. ಅಲ್ಲಿ ಇಳಿದು ನಡೆಯಿರಿ, ಮರ್ಯಾದೆ ಹೋಗುವುದಿಲ್ಲ.

ಟ್ಯೂಬಾ, ಟ್ಯೂಬ್‌ಲೆಸ್ಸಾ

ಟ್ಯೂಬ್‌ಲೆಸ್ ಟಯರಿನ ಒಳಗೆ ಸೀಲೆಂಟ್ ಅಂತ ಬಿಳಿ ದ್ರವ ಹಾಕುತ್ತಾರೆ. ಮೊದಲ ಸಲ ಬಾಟಲಿ ಮುಚ್ಚಳ ತೆಗೆದಾಗ ನನಗೆ ಥಟ್ಟನೆ ಗುರುತು ಸಿಕ್ಕಿತು. ನಮ್ಮ ಗುಡ್ಡೆಗಳಲ್ಲೆಲ್ಲ ರಬ್ಬರ್ ಉಂಟಲ್ಲ. ಗೆರಟೆಯಲ್ಲಿ ಹಿಡಿದ ಹಾಲು ಹೆಪ್ಪಾಗದಿರಲಿ ಅಂತ ಅಮೋನಿಯ ಸೇರಿಸುತ್ತಾರೆ. ಅದೇ ವಾಸನೆ. ಹೆಚ್ಚಿನ ಸೀಲೆಂಟ್ ಕೂಡ ರಬ್ಬರ್ ಹಾಲೇ. ಜೊತೆಗೆ ತೂತು ಮುಚ್ಚಲು ಸಣ್ಣ ಕಣಗಳು. ತೂತಿನಿಂದ ಹೊರಗೆ ಬರುವಾಗ ಗಾಳಿ ತಾಗಿ ಹೆಪ್ಪುಗಟ್ಟುತ್ತದೆ. ಟ್ಯಾಪಿಂಗ್ ಮಾಡಿದ ಗೀರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಹಾಲು ಒಣಗಿ ದಾರದ ಹಾಗೆ ಅಂಟಿರುತ್ತದಲ್ಲ, ಹಾಗೆಯೇ.

ಆ ಉಕ್ಕಿನ ತಂತಿಗೆ ಒಳ್ಳೆಯ ಮದ್ದು ಇದು. ಎಷ್ಟೋ ಸಲ ಪಂಕ್ಚರ್ ಆದದ್ದೇ ನಮಗೆ ಗೊತ್ತಾಗುವುದಿಲ್ಲ. ಮನೆಗೆ ಬಂದು ತೊಳೆಯುವಾಗ ಬಿಳಿ ಚುಕ್ಕೆ ಕಾಣುತ್ತದೆ. ಆದರೆ ನಮ್ಮ ಸೆಕೆಗೆ ಸೀಲೆಂಟ್ ಬೇಗ ಒಣಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಎರಡು ತಿಂಗಳಿಗೊಮ್ಮೆ ನೋಡಲೇಬೇಕು. ಒಂದು ಟಯರಿಗೆ 30–40 ಮಿ.ಲೀ. ಸಾಕು. ದೊಡ್ಡ ಕೊಯ್ತಕ್ಕೆ ಇದು ಏನೂ ಮಾಡುವುದಿಲ್ಲ. ಅಂಗಿ, ಬೆನ್ನು, ಹಿಂದೆ ಬರುವವನ ಮುಖ ಎಲ್ಲ ಬಿಳಿಯಾಗುತ್ತದೆ ಅಷ್ಟೇ. ಆಗ ಟ್ಯೂಬ್ ಹಾಕಬೇಕು, ಬಿಗಿ ಟಯರಿನ ಜೊತೆ ಕುಸ್ತಿ ಮಾಡಬೇಕು.

ವಾರಕ್ಕೆ ಮೂರು ನಾಲ್ಕು ದಿನ ಓಡಿಸುವವರಿಗೆ, ಸ್ವಲ್ಪ ಕೈಕೆಲಸ ಇಷ್ಟ ಇರುವವರಿಗೆ ಟ್ಯೂಬ್‌ಲೆಸ್ ಹೊಂದುತ್ತದೆ. ಭಾನುವಾರಕ್ಕೊಮ್ಮೆ ಓಡಿಸುವವರಿಗೆ ಟ್ಯೂಬೇ ಸುಖ. ನಿಂತ ಸೈಕಲಿನಲ್ಲಿ ಸೀಲೆಂಟ್ ತಳದಲ್ಲಿ ಗಟ್ಟಿಯಾಗಿ ಕೂರುವುದೇ ಆಗುತ್ತದೆ.

ಟ್ಯೂಬಿನಲ್ಲಿ ಈಗ ಟಿಪಿಯು ಅಂತ ಪ್ಲಾಸ್ಟಿಕ್ ನಮೂನೆಯದು ಬಂದಿದೆ. ಸಾದಾ ಟ್ಯೂಬ್ ನೂರು ಗ್ರಾಂ ಇದ್ದರೆ ಇದು 40ರ ಆಸುಪಾಸು. ಬೆಂಕಿಪೊಟ್ಟಣದಷ್ಟು ಸಣ್ಣಗೆ ಮಡಚಬಹುದು. ಸ್ಪೇರ್ ಇಡಲು ಇದರಷ್ಟು ಒಳ್ಳೆಯದು ಇಲ್ಲ. ಆದರೆ ಇದಕ್ಕೆ ಊರಿನ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಹಿಡಿಯುವುದಿಲ್ಲ. ಅದರದ್ದೇ ಪ್ಯಾಚ್ ಬೇಕು. ನಮ್ಮ ಪಂಕ್ಚರ್ ಅಂಗಡಿಯವರ ಹತ್ತಿರ ಕೊಟ್ಟಾಗ ಎರಡು ಸಲ ಹಚ್ಚಿ, ಎರಡು ಸಲ ಎದ್ದು ಬಂದು, "ಇದು ಎಂತ ಟ್ಯೂಬು ಮಾರಾಯ್ರೆ, ಮೊಟ್ಟೆ ಹಾಗುಂಟು" ಅಂದರು. ಪ್ಲಾಸ್ಟಿಕ್ ಚೀಲ ಅಂತ ಅರ್ಥ. ತಪ್ಪಲ್ಲ.

ಅಗಲ ಮತ್ತು ಗಾಳಿ

ಫ್ರೇಮಿಗೆ ಹಿಡಿಯುವುದಾದರೆ 28. ಜಾಗ ಇನ್ನೂ ಇದ್ದರೆ 30. 25 ಹಾಕಿ ಕಲ್ಲಿನಷ್ಟು ಗಾಳಿ ತುಂಬಿಸುವ ಕಾಲ ಹೋಯಿತು. ಟಯರ್ ಗಟ್ಟಿಯಾದಷ್ಟೂ ವೇಗ ಅನ್ನುವುದು ಗಾಜಿನಂಥ ನೆಲಕ್ಕೆ ಸರಿ. ನಮ್ಮ ರಸ್ತೆಯಲ್ಲಿ ಗಟ್ಟಿ ಟಯರ್ ಪ್ರತಿ ಉಬ್ಬಿಗೂ ಸೈಕಲನ್ನೂ ನಮ್ಮನ್ನೂ ಮೇಲಕ್ಕೆ ಎತ್ತುತ್ತದೆ. ಎತ್ತಲು ಹೋದ ಶಕ್ತಿ ಮುಂದಕ್ಕೆ ಹೋಗುವುದಿಲ್ಲ, ಬೆನ್ನಿಗೆ ಹೋಗುತ್ತದೆ.

ನಾನು, ಸೈಕಲ್, ನೀರು ಎಲ್ಲ ಸೇರಿ 80 ಕಿಲೋ. 28ರ ಟಯರಿಗೆ ಟ್ಯೂಬ್ ಹಾಕಿದಾಗ ಮುಂದೆ 65, ಹಿಂದೆ 70 ಪಿಎಸ್‌ಐ. ಮಳೆ ಬಂದರೆ ಎರಡರಲ್ಲೂ ಐದು ಕಡಿಮೆ. ಟ್ಯೂಬ್‌ಲೆಸ್ ಆದಾಗ ಇನ್ನೂ ಐದು ಇಳಿಸುತ್ತೇನೆ. ಚೆರ್ಕಳ–ಜಾಲ್ಸೂರು ರಸ್ತೆಗೂ, ನಂದಾರಪದವಿನಿಂದ ಶುರುವಾಗುವ ಮಲೆನಾಡು ಹೆದ್ದಾರಿಯ ಏರಿಳಿತಕ್ಕೂ ಇದೇ ಸಾಕಾಗಿದೆ. ಟಯರಿನ ಬದಿಯಲ್ಲಿ ಬರೆದ ದೊಡ್ಡ ಸಂಖ್ಯೆ ಮಿತಿ ಮಾತ್ರ, ಅಷ್ಟು ಹಾಕಿ ಅಂತ ಅಲ್ಲ. ಪೆಟ್ರೋಲ್ ಬಂಕಿನ ಗಾಳಿ ನಂಬಬೇಡಿ. ಮೊದಲನೆಯದಾಗಿ ಸಪೂರ ವಾಲ್ವಿಗೆ ಅವರ ನಳಿಗೆ ಕೂರುವುದಿಲ್ಲ. ಮೀಟರ್ ಇರುವ ನಿಲ್ಲಿಸಿ ಹೊಡೆಯುವ ಪಂಪು ಒಂದು ಮನೆಯಲ್ಲಿ ಇರಲಿ. ಎರಡು ಸಾವಿರದ ಟಯರಿಗೆ ಸರಿ ಗಾಳಿ ಹಾಕಿದವನು, ಎಂಟು ಸಾವಿರದ ಟಯರಿಗೆ ಅಂದಾಜಿನ ಗಾಳಿ ಹಾಕಿದವನಿಗಿಂತ ಸುಖವಾಗಿ ಓಡಿಸುತ್ತಾನೆ. ಇದನ್ನು ಅಳಿಯನಿಗೆ ಮೂರು ಸಲ ಹೇಳಿದೆ.

ಹಿಂದಿನ ಟಯರ್ ಮುಂದಿನದ್ದಕ್ಕಿಂತ ಎರಡು ಪಟ್ಟು ಬೇಗ ಸವೆಯುತ್ತದೆ. ಹಿಂದಿನದು ಮುಗಿದಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ. ಹಿಡಿತ ಬೇಕಾಗುವುದು ಮುಂದೆ. ಹಿಂದೆ ಜಾರಿದರೆ ಹೇಗೋ ಸುಧಾರಿಸಬಹುದು, ಮುಂದೆ ಜಾರಿದರೆ ನೆಲವೇ. ನನ್ನ ಹಿಂದಿನ ಟಯರ್ ಐದು ಸಾವಿರ ಕಿ.ಮೀ. ಬರುತ್ತದೆ. ಆರು ಸಾವಿರ ಕೊಟ್ಟಿದ್ದರೆ ಕಿಲೋಮೀಟರಿಗೆ ಒಂದು ರೂಪಾಯಿ 20 ಪೈಸೆ. ಹಾಗೆ ನೋಡಿದರೆ ದುಬಾರಿ ಅನಿಸುವುದಿಲ್ಲ, ಅಲ್ವಾ? ಮನೆಯಲ್ಲಿ ಈ ಲೆಕ್ಕ ಹೇಳಿದರೆ ನಡೆಯುವುದಿಲ್ಲ, ಅದು ಬೇರೆ.

ಕೊನೆಗೆ ಅಳಿಯನಿಗೆ ಹೇಳಿದ್ದು ಇಷ್ಟು. ಕೊಕ್ಕೆ ರಿಮ್ಮು, ವಾರಕ್ಕೊಮ್ಮೆ ಸವಾರಿ, ಆದ್ದರಿಂದ ಟ್ಯೂಬಿನ ಜಿಪಿ 5000 ಅಥವಾ ಕೋರ್ಸಾ ನೆಕ್ಸ್ಟ್, 28 ಅಳತೆ, ಸಾದಾ ಟ್ಯೂಬ್, ಚೀಲದಲ್ಲಿ ಟಿಪಿಯು ಒಂದು. ರಿಮ್ಮು ಹುಕ್‌ಲೆಸ್ ಆಗಿದ್ದರೆ ಎಸ್ ಟಿಆರ್ ಅನ್ನುತ್ತಿದ್ದೆ. ಮಳೆಗಾಲದಲ್ಲೂ ದಿನಾ ಓಡಿಸುವವನಾಗಿದ್ದರೆ ಎರಡು ಮಾತಿಲ್ಲದೆ ಎಎಸ್ ಟಿಆರ್. ನನ್ನ ಸೈಕಲಿನಲ್ಲಿ ಇರುವುದೂ ಅದೇ, 28ರದ್ದು, ಎರಡನೆಯ ಮಳೆಗಾಲ.

ಅವನು ಜಿಪಿ 5000 ತರಿಸಿದ. ಕಳೆದ ಭಾನುವಾರ ಅಂಗಳದಲ್ಲಿ ಕೂತು ಇಬ್ಬರೂ ಹಾಕಿದೆವು. ಎಲ್ಲ ಮುಗಿದು ಗಾಳಿ ಹೊಡೆಯುವಾಗ ಚಕ್ರವನ್ನು ತಿರುಗಿಸಿ ನೋಡಿ ಸಪ್ಪೆ ಮುಖ ಮಾಡಿದ.

"ಮಾವ, ಬದಿ ಕಂದು ಬಣ್ಣದ್ದು ತರಿಸ್ಬೇಕಿತ್ತು. ಕಪ್ಪು ರಿಮ್ಮಿಗೆ ಚಂದ ಕಾಣ್ತಿತ್ತು."

"ಜೂನ್ ಬರ್ಲಿ. ಸೀತಾಂಗೋಳಿಗೆ ಒಮ್ಮೆ ಹೋಗಿ ಬಾ," ಅಂದೆ. "ಕೆಂಪು ಮಣ್ಣು ಪುಕ್ಕಟೆ ಬಣ್ಣ ಹಾಕಿ ಕೊಡ್ತದೆ."